ಅಕ್ರಿಂಗ್ಟನ್ ಸ್ಟ್ಯಾನ್ಲಿ: ಒಂದೇ ಊರು, ಮೂರು ಕ್ಲಬ್, ಒಂದು ರಾಜೀನಾಮೆ ಪತ್ರ

ಮಲ್ನಾಡ್_ಮಿಡ್‌ಫೀಲ್ಡ್

ಇಂಗ್ಲೆಂಡಿನ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರಿನ ಎರಡು ತಂಡಗಳ ಹತ್ತಿರವೇ ನಿಂತುಬಿಡುತ್ತಾರೆ. ಕೆಳಗಿನ ಡಿವಿಷನ್‌ಗಳ ಕ್ಲಬ್‌ಗಳ ಮೇಲೆ ಪರಿಚಯ ಲೇಖನಗಳ ಸರಣಿಯೊಂದು ತಯಾರಾಗುತ್ತಿದೆ, ಮೊದಲನೆಯದು ಅಕ್ರಿಂಗ್ಟನ್ ಸ್ಟ್ಯಾನ್ಲಿ. ಕರಡಿನಲ್ಲಿ ಮೂರು ವಿಷಯ ಬಗೆಹರಿಯಬೇಕಿದೆ.

1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ಕ್ಲಬ್‌ಗಳಲ್ಲಿ 'ಅಕ್ರಿಂಗ್ಟನ್' ಅಂತ ಒಂದಿದೆ. ಅದು ಇದೇನಾ? 1962ರಲ್ಲಿ ಸೀಸನ್ನಿನ ನಡುವೆಯೇ ಕ್ಲಬ್ ಲೀಗ್ ಬಿಟ್ಟಿದ್ದಕ್ಕೆ ನಿಜವಾದ ಕಾರಣ ಏನು, ಮುಳುಗಿಸಿದ್ದು ಸಾಲವೋ ಪತ್ರವೋ? ಮೂವತ್ತೈದು ಸಾವಿರ ಜನರ ಊರಿನ ಈ ಕ್ಲಬ್ 2018ರಲ್ಲಿ ಮೂರನೇ ಹಂತಕ್ಕೆ ಏರಿದ್ದಾದರೂ ಹೇಗೆ? ತಿಳಿದವರು ವಿವರವಾಗಿ ಬರೆಯಿರಿ. ಇಸವಿ, ಅಂಕಿ ಸಮೇತ ಇದ್ದರೆ ಇನ್ನೂ ಒಳ್ಳೆಯದು.

ಹಳೇ_ಅಂಕಪಟ್ಟಿ

ಮೊದಲನೇ ಪ್ರಶ್ನೆಗೆ ಉತ್ತರ: ಅಲ್ಲ. ಊರು ಒಂದು, ಕ್ಲಬ್ ಮೂರು. ಇದನ್ನು ಲೇಖನದ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ.

ಒಂದನೆಯದು ಅಕ್ರಿಂಗ್ಟನ್ ಎಫ್‌ಸಿ. 1888ರ ಸ್ಥಾಪಕ ಸದಸ್ಯ ಇದೇ. ಆ ಹನ್ನೆರಡರಲ್ಲಿ ಆರು ಕ್ಲಬ್ ಲ್ಯಾಂಕಶೈರಿನವು: ಅಕ್ರಿಂಗ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಬರ್ನ್‌ಲಿ, ಎವರ್ಟನ್, ಪ್ರೆಸ್ಟನ್ ನಾರ್ತ್ ಎಂಡ್. 1892–93ರಲ್ಲಿ ಅಕ್ರಿಂಗ್ಟನ್ ಹದಿನಾರು ತಂಡಗಳಲ್ಲಿ ಹದಿನೈದನೆಯದಾಯಿತು. ಆಗ ತಾನಾಗಿಯೇ ಆಗುವ ಹಿಂಬಡ್ತಿ ಇರಲಿಲ್ಲ. ಮೇಲಿನ ಡಿವಿಷನ್ನಿನ ಕೊನೆಯ ಮೂವರು, ಕೆಳಗಿನ ಡಿವಿಷನ್ನಿನ ಮೊದಲ ಮೂವರ ಜೊತೆ 'ಟೆಸ್ಟ್ ಮ್ಯಾಚ್' ಆಡಬೇಕಿತ್ತು. ನಾಟಿಂಗ್‌ಹ್ಯಾಮ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು 1–0 ಸೋಲಾಯಿತು. ಎರಡನೇ ಡಿವಿಷನ್ನಿನಲ್ಲಿ ಆಡುವುದಕ್ಕಿಂತ ಲೀಗನ್ನೇ ಬಿಡುವುದು ವಾಸಿ ಅಂತ ಆಡಳಿತ ಮಂಡಳಿ ತೀರ್ಮಾನಿಸಿತು. 1896ಕ್ಕೆ ಕ್ಲಬ್ ಮುಚ್ಚಿತು.

ಎರಡನೆಯದು ಅಕ್ರಿಂಗ್ಟನ್ ಸ್ಟ್ಯಾನ್ಲಿ. ಸ್ಟ್ಯಾನ್ಲಿ ಸ್ಟ್ರೀಟ್ ಸುತ್ತಮುತ್ತಲಿನವರು 1891ರಲ್ಲಿ 'ಸ್ಟ್ಯಾನ್ಲಿ ವಿಲ್ಲಾ' ಹೆಸರಲ್ಲಿ ಶುರು ಮಾಡಿದ ತಂಡ ಇದು. ದೊಡ್ಡ ಕ್ಲಬ್ ಲೀಗಿನಿಂದ ಹೊರಬಿದ್ದ ಮೇಲೆ ಊರಿನ ಹೆಸರನ್ನು ಇವರು ತೆಗೆದುಕೊಂಡರು. 1919ರಿಂದ ಪೀಲ್ ಪಾರ್ಕ್ ಇವರ ಮೈದಾನ. 1921ರಲ್ಲಿ ಥರ್ಡ್ ಡಿವಿಷನ್ ನಾರ್ತ್ (ಲೀಗಿನ ಮೂರನೇ ಹಂತದ ಉತ್ತರ ವಿಭಾಗ) ಹೊಸದಾಗಿ ಆದಾಗ ಒಳಗೆ ಬಂದರು. ಮೊದಲ ಲೀಗ್ ಪಂದ್ಯದಲ್ಲೇ ರಾಚ್‌ಡೇಲ್ ಇವರನ್ನು 6–3ರಿಂದ ಸೋಲಿಸಿತು. 1962ರಲ್ಲಿ ಲೀಗ್‌ನಿಂದ ಹೊರಬಿದ್ದರು, 1966ರಲ್ಲಿ ಮುಚ್ಚಿದರು.

ಮೂರನೆಯದು ಈಗಿನದು. 1968ರಲ್ಲಿ ಸ್ಥಾಪನೆ, 1970ರಲ್ಲಿ ಕ್ರೌನ್ ಗ್ರೌಂಡಿನಲ್ಲಿ ಲ್ಯಾಂಕಶೈರ್ ಕಾಂಬಿನೇಷನ್ ಮೂಲಕ ಆಟ ಆರಂಭ. ಹೆಸರು, ಕೆಂಪು ಬಣ್ಣ, ಬೆಂಬಲಿಗರು ಎಲ್ಲವೂ ಮುಂದುವರಿದವು. ಕಾನೂನಿನ ಕಣ್ಣಿಗೆ ಮಾತ್ರ ಅದು ಬೇರೆ ಸಂಸ್ಥೆ.

ಆಫ್‌ಸೈಡ್_ಗೆರೆ

ಊರಿನ ಬಗ್ಗೆ ಎರಡು ಮಾತು ಸೇರಿಸಿ, ಇಲ್ಲದಿದ್ದರೆ ಕ್ಲಬ್ ಅರ್ಥ ಆಗಲ್ಲ. ಅಕ್ರಿಂಗ್ಟನ್ ಇರೋದು ಬ್ಲ್ಯಾಕ್‌ಬರ್ನ್ ಮತ್ತು ಬರ್ನ್‌ಲಿ ಮಧ್ಯೆ. ಪಶ್ಚಿಮಕ್ಕೆ ಸುಮಾರು 8 ಕಿ.ಮೀ. ಹೋದರೆ ಒಂದು, ಪೂರ್ವಕ್ಕೆ 10 ಕಿ.ಮೀ. ಹೋದರೆ ಇನ್ನೊಂದು. ಎರಡೂ ಕಡೆ ಇಂಗ್ಲೆಂಡ್ ಚಾಂಪಿಯನ್ ಆದ ಕ್ಲಬ್‌ಗಳಿವೆ. ಹತ್ತಿ ಗಿರಣಿ, ಬಟ್ಟೆ ಅಚ್ಚು, ನೋರಿ ಅನ್ನೋ ಗಟ್ಟಿ ಕೆಂಪು ಇಟ್ಟಿಗೆ, ಇವು ಊರಿನ ಕಸುಬು. ನೂಲುವ ಯಂತ್ರ ಮಾಡುತ್ತಿದ್ದ ಹೋವರ್ಡ್ ಅಂಡ್ ಬುಲೋ ಕಾರ್ಖಾನೆ ಇಲ್ಲಿಯದೇ, ಅದರ ರಿಂಗ್ ಫ್ರೇಮ್‌ಗಳು ಭಾರತದ ಗಿರಣಿಗಳಿಗೂ ಬಂದಿದ್ದವು. ಮೊದಲ ಮಹಾಯುದ್ಧದಲ್ಲಿ ಊರಿನ ಹುಡುಗರೇ ತುಂಬಿದ್ದ 'ಅಕ್ರಿಂಗ್ಟನ್ ಪ್ಯಾಲ್ಸ್' ದಳ 1916ರ ಜುಲೈ 1ರಂದು ಫ್ರಾನ್ಸಿನ ಸೆರ್‌ ಹಳ್ಳಿಯ ಎದುರು ಅರ್ಧ ಗಂಟೆಯಲ್ಲಿ 584 ಮಂದಿಯನ್ನು ಕಳೆದುಕೊಂಡಿತು, ಸತ್ತವರು, ಗಾಯಗೊಂಡವರು, ನಾಪತ್ತೆಯಾದವರು ಎಲ್ಲ ಸೇರಿ. ಆ ಪೆಟ್ಟು ಊರಿನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಗಿರಣಿಗಳು ಮುಚ್ಚುತ್ತಾ ಹೋದ ಹಾಗೆ ಶನಿವಾರದ ಗೇಟ್ ಹಣವೂ (ಟಿಕೆಟ್ ಆದಾಯ) ಇಳಿಯುತ್ತಾ ಹೋಯಿತು. 1962ಕ್ಕೆ ಹಿನ್ನೆಲೆ ಅದು.

ಗೇಟ್‌ಮನಿ

1962ರ ಕಥೆಯನ್ನು 1962ರಿಂದ ಶುರು ಮಾಡಬೇಡಿ. ಐವತ್ತರ ದಶಕದಿಂದ ಹಿಡಿಯಿರಿ.

ವಾಲ್ಟರ್ ಗಾಲ್‌ಬ್ರೇತ್ ಮ್ಯಾನೇಜರ್ ಆಗಿದ್ದ ವರ್ಷಗಳು ಹಳೆಯ ಸ್ಟ್ಯಾನ್ಲಿಯ ಅತ್ಯುತ್ತಮ ಕಾಲ. ಅವರು ಸ್ಕಾಟ್ಲೆಂಡಿನಿಂದ ಆಟಗಾರರನ್ನು ತಂದರು. 1955ರ ಹೊತ್ತಿಗೆ ಹನ್ನೊಂದಕ್ಕೆ ಹನ್ನೊಂದೂ ಮಂದಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರೇ ಇದ್ದ ತಂಡ ಲೀಗ್ ಪಂದ್ಯಕ್ಕೆ ಇಳಿಯಿತು. 1954–55ರಲ್ಲಿ ಎರಡನೇ ಸ್ಥಾನ, 1957–58ರಲ್ಲಿ ಮತ್ತೆ ಎರಡನೇ ಸ್ಥಾನ. ಈಗಿನ ನಿಯಮದಲ್ಲಿ ಎರಡೂ ಸಲ ಬಡ್ತಿ. ಆಗ ಥರ್ಡ್ ಡಿವಿಷನ್ ನಾರ್ತ್‌ನಿಂದ ಮೇಲೆ ಹೋಗುತ್ತಿದ್ದುದು ಚಾಂಪಿಯನ್ ಒಬ್ಬರೇ. ಮೊದಲ ಸಲ ಬಾರ್ನ್ಸ್‌ಲಿ, ಎರಡನೇ ಸಲ ಸ್ಕನ್‌ಥಾರ್ಪ್ ಹೋದವು. ಸೆಕೆಂಡ್ ಡಿವಿಷನ್ ಗೇಟ್ ಹಣ ಬರುತ್ತದೆ ಅನ್ನುವ ಆಸೆಯಲ್ಲಿ ಮಾಡಿದ ಖರ್ಚು ಸಾಲವಾಗಿ ಉಳಿಯಿತು.

ಅದರ ಮೇಲೆ ಸ್ಟ್ಯಾಂಡಿನ ವ್ಯವಹಾರ. ಆಲ್ಡರ್‌ಶಾಟ್‌ನಲ್ಲಿ ಸೇನಾ ಪ್ರದರ್ಶನಕ್ಕೆ ಬಳಸುತ್ತಿದ್ದ ಹಳೆಯ ಸ್ಟ್ಯಾಂಡನ್ನು 1958ರಲ್ಲಿ ಕೊಂಡರು. ಕೊಂಡ ಬೆಲೆ ಅಗ್ಗ. ಅದನ್ನು ಬಿಚ್ಚಿ, ದೇಶದ ದಕ್ಷಿಣ ಭಾಗದಿಂದ ಲ್ಯಾಂಕಶೈರ್‌ಗೆ ಸಾಗಿಸಿ, ಮತ್ತೆ ನಿಲ್ಲಿಸುವ ಖರ್ಚು ಕೊಂಡ ಬೆಲೆಯ ಎಷ್ಟೋ ಪಟ್ಟಾಯಿತು. ಸಣ್ಣ ಕ್ಲಬ್‌ಗಳು ಈಗಲೂ ಎಡವುವ ಜಾಗ ಇದು: ಸೆಕೆಂಡ್‌ಹ್ಯಾಂಡ್ ಸ್ಟ್ಯಾಂಡ್, ಸೆಕೆಂಡ್‌ಹ್ಯಾಂಡ್ ಫ್ಲಡ್‌ಲೈಟ್ ತರುವಾಗ ಸರಕಿನ ಬೆಲೆ ನೋಡುತ್ತಾರೆ, ಅಡಿಪಾಯ, ಸಾಗಣೆ, ಕೂಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1958ರಲ್ಲಿ ಡಿವಿಷನ್‌ಗಳ ಪುನರ್‌ರಚನೆ ಆಯಿತು. ಸ್ಟ್ಯಾನ್ಲಿ ಹೊಸ ಥರ್ಡ್ ಡಿವಿಷನ್‌ಗೆ ಸೇರಿತು, 1960ರಲ್ಲಿ ಕೊನೆಯ ಸ್ಥಾನದೊಂದಿಗೆ ಫೋರ್ತ್ ಡಿವಿಷನ್‌ಗೆ ಇಳಿಯಿತು. ಅದೇ 1960ರಲ್ಲಿ ಪಕ್ಕದ ಬರ್ನ್‌ಲಿ ಇಂಗ್ಲೆಂಡ್ ಚಾಂಪಿಯನ್, ಇನ್ನೊಂದು ಪಕ್ಕದ ಬ್ಲ್ಯಾಕ್‌ಬರ್ನ್ ಎಫ್‌ಎ ಕಪ್ ಫೈನಲ್‌ನಲ್ಲಿ. ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಮೊದಲ ದರ್ಜೆಯ ಆಟ ಸಿಗುವಾಗ ನಾಲ್ಕನೇ ಡಿವಿಷನ್ನಿನ ಕೊನೆಯ ತಂಡ ನೋಡಲು ಟಿಕೆಟ್ ಯಾರು ಕೊಳ್ಳುತ್ತಾರೆ? 1954ರಲ್ಲಿ ಬ್ಲ್ಯಾಕ್‌ಬರ್ನ್ ಎದುರಿನ ಸ್ನೇಹಪಂದ್ಯಕ್ಕೆ 17,000ಕ್ಕೂ ಹೆಚ್ಚು ಜನ ಸೇರಿದ್ದ ಪೀಲ್ ಪಾರ್ಕ್ ಅದು.

ಹಳೇ_ಅಂಕಪಟ್ಟಿ

ಗೇಟ್‌ಮನಿ ಅವರು ಹೇಳಿದ್ದು ಸಾಲದ ಕಥೆ. ಈಗ ಪತ್ರದ ಕಥೆಗೆ ಬರೋಣ. ಲೇಖನದಲ್ಲಿ ಇವೆರಡನ್ನು ಬೇರೆ ಬೇರೆ ಇಡಬೇಕು, ಯಾಕೆಂದರೆ ಅಷ್ಟೇ ಸಾಲ ಇದ್ದ ಕ್ಲಬ್‌ಗಳು ಬದುಕಿದ್ದೂ ಉಂಟು.

1962ರ ಆರಂಭಕ್ಕೆ ಬಾಕಿ ಸುಮಾರು 60,000 ಪೌಂಡ್. ಅದರಲ್ಲಿ ಬೇರೆ ಕ್ಲಬ್‌ಗಳಿಗೆ ಕೊಡಬೇಕಿದ್ದ ವರ್ಗಾವಣೆ ಹಣವೂ ಸೇರಿತ್ತು, ಲೀಗ್ ಆಡಳಿತದ ಕೋಪಕ್ಕೆ ಅದು ಒಂದು ಕಾರಣ. ಬರ್ನ್‌ಲಿಯ ಅಧ್ಯಕ್ಷ ಬಾಬ್ ಲಾರ್ಡ್ ಸಲಹೆಗಾರರಾಗಿ ಬಂದರು. ಮಾರ್ಚ್ 2ರಂದು ಕ್ರೂ ಅಲೆಕ್ಸಾಂಡ್ರಾ ಮೈದಾನದಲ್ಲಿ 4–0 ಸೋಲು. ಅದೇ ಕೊನೆಯ ಲೀಗ್ ಪಂದ್ಯ. ಸಾಲ ಕೊಟ್ಟವರ ಸಭೆಯ ನಂತರ, ಮಾರ್ಚ್ 6ರಂದು, ಲೀಗ್‌ಗೆ ರಾಜೀನಾಮೆ ಪತ್ರ ಹೋಯಿತು.

ಅದರ ಬೆನ್ನಿಗೇ ಹಣ ಹಾಕಲು ಮುಂದೆ ಬಂದವರು ಸಿಕ್ಕರು. ರಾಜೀನಾಮೆ ವಾಪಸ್ ಪಡೆಯುತ್ತೇವೆ ಅಂತ ಕ್ಲಬ್ ಕೇಳಿಕೊಂಡಿತು. ಲೀಗ್ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಹಾಗೂ ಆಡಳಿತ ಸಮಿತಿ ಒಪ್ಪಲಿಲ್ಲ. ಪತ್ರ ತಲುಪಿದೆ, ರಾಜೀನಾಮೆ ಜಾರಿಗೆ ಬಂದಿದೆ, ಮುಗಿಯಿತು ಅನ್ನುವುದು ಅವರ ನಿಲುವು. ಅಷ್ಟರವರೆಗೆ ಆಡಿದ್ದ 33 ಪಂದ್ಯಗಳ ಫಲಿತಾಂಶಗಳನ್ನು ಅಂಕಪಟ್ಟಿಯಿಂದ ಅಳಿಸಿಹಾಕಿದರು. ಆ ಸೀಸನ್ನಿನ ಫೋರ್ತ್ ಡಿವಿಷನ್ ಪಟ್ಟಿಯಲ್ಲಿ 24ರ ಬದಲು 23 ತಂಡ, ಪ್ರತಿಯೊಂದಕ್ಕೂ 46ರ ಬದಲು 44 ಪಂದ್ಯ ಕಾಣಲು ಕಾರಣ ಇದೇ. ಹಳೆಯ ದಾಖಲೆ ತಾಳೆ ನೋಡುವಾಗ ಆಟಗಾರರ ಗೋಲುಗಳ ಮೊತ್ತ ಒಂದೊಂದು ಕಡೆ ಒಂದೊಂದು ಥರ ಬರುವುದೂ ಇದರಿಂದಲೇ: ಕೆಲವರು ಅಳಿಸಿದ ಪಂದ್ಯಗಳನ್ನು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ.

ಆ ಪತ್ರವನ್ನು ಒಂದು ವಾರ ತಡೆದಿದ್ದರೆ ಕ್ಲಬ್ ಆ ಸೀಸನ್ನನ್ನಾದರೂ ಮುಗಿಸುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಲ್ನಾಡ್_ಮಿಡ್‌ಫೀಲ್ಡ್

ಬಹಳ ಉಪಕಾರ ಸರ್. ಖಾಲಿಯಾದ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂತು ಅಂತ ಓದಿದ್ದೇನೆ. ಅದು ಬಡ್ತಿಯೋ, ಆಯ್ಕೆಯೋ?

ಹಳೇ_ಅಂಕಪಟ್ಟಿ

ಆಯ್ಕೆ. ಆ ಕಾಲದಲ್ಲಿ ಲೀಗ್‌ಗೂ ಹೊರಗಿನ ಕ್ಲಬ್‌ಗಳಿಗೂ ನಡುವೆ ಏಣಿ ಇರಲಿಲ್ಲ. ಫೋರ್ತ್ ಡಿವಿಷನ್ನಿನ ಕೊನೆಯ ನಾಲ್ವರು ಮರು ಆಯ್ಕೆಗೆ ನಿಲ್ಲಬೇಕಿತ್ತು, ಹೊರಗಿನವರು ಅರ್ಜಿ ಹಾಕುತ್ತಿದ್ದರು, ವಾರ್ಷಿಕ ಸಭೆಯಲ್ಲಿ ಕ್ಲಬ್‌ಗಳು ಮತ ಹಾಕುತ್ತಿದ್ದವು. ಪರಿಚಯ, ಸ್ನೇಹದ ಬಲದಿಂದ ಹಳಬರೇ ಬಹುಪಾಲು ಉಳಿದುಕೊಳ್ಳುತ್ತಿದ್ದರು. 1962ರಲ್ಲಿ ಸದರ್ನ್ ಲೀಗ್‌ನ ಆಕ್ಸ್‌ಫರ್ಡ್‌ಗೆ ಆ ಜಾಗ ಸಿಕ್ಕಿತು. ಅಂಕದ ಆಧಾರದ ಮೇಲೆ ಒಬ್ಬರು ಮೇಲೆ, ಒಬ್ಬರು ಕೆಳಗೆ ಅನ್ನುವ ನಿಯಮ ಬಂದದ್ದು 1987ರಲ್ಲಿ. ಮೊದಲ ಸಲ ಸ್ಕಾರ್ಬರೋ ಒಳಗೆ, ಲಿಂಕನ್ ಸಿಟಿ ಹೊರಗೆ. 2003ರಿಂದ ಇಬ್ಬರು. ಈ ಬದಲಾವಣೆ ಆಗಿರದಿದ್ದರೆ ಇಂದಿನ ಸ್ಟ್ಯಾನ್ಲಿ ಲೀಗ್‌ಗೆ ಬರುತ್ತಲೇ ಇರಲಿಲ್ಲ, ಇಷ್ಟು ಸಣ್ಣ ಊರಿಗೆ ಮತ ಯಾರು ಹಾಕುತ್ತಿದ್ದರು?

ಆರನೇ_ಹಂತ

ಕೆಳಗಿನಿಂದ ಮೇಲೆ ಬಂದ ದಾರಿ ಹೀಗಿದೆ. 1970ರಿಂದ ಲ್ಯಾಂಕಶೈರ್ ಕಾಂಬಿನೇಷನ್, 1978ರಿಂದ ಚೆಶೈರ್ ಕೌಂಟಿ ಲೀಗ್, 1982ರಲ್ಲಿ ನಾರ್ತ್ ವೆಸ್ಟ್ ಕೌಂಟೀಸ್, 1987ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗ್‌ನ ಹೊಸ ಫಸ್ಟ್ ಡಿವಿಷನ್, 1991ರಲ್ಲಿ ಅದರ ಪ್ರೀಮಿಯರ್ ಡಿವಿಷನ್. 1999ರಲ್ಲಿ ಅಲ್ಲಿಂದ ಇಳಿದರು. ಆಗ ಅಧ್ಯಕ್ಷ ಎರಿಕ್ ವಾಲಿ ಅವರು ಜಾನ್ ಕೋಲ್ಮನ್ ಅವರನ್ನು ಮ್ಯಾನೇಜರ್ ಮಾಡಿದರು, ಜೊತೆಗೆ ಸಹಾಯಕ ಜಿಮ್ಮಿ ಬೆಲ್. 2000ರಲ್ಲಿ ಫಸ್ಟ್ ಡಿವಿಷನ್ ಪ್ರಶಸ್ತಿ, 2003ರಲ್ಲಿ ಪ್ರೀಮಿಯರ್ ಡಿವಿಷನ್ ಪ್ರಶಸ್ತಿ, 2006ರಲ್ಲಿ ಕಾನ್ಫರೆನ್ಸ್ (ಲೀಗ್‌ನ ಕೆಳಗೇ ಇರುವ ಐದನೇ ಹಂತ) ಪ್ರಶಸ್ತಿ. ಏಳು ಸೀಸನ್, ಮೂರು ಚಾಂಪಿಯನ್‌ಷಿಪ್, ಒಬ್ಬರೇ ಮ್ಯಾನೇಜರ್.

2005–06ರಲ್ಲಿ 91 ಅಂಕ. ಎರಡನೇ ಸ್ಥಾನದ ಹೆರೆಫರ್ಡ್‌ಗಿಂತ 11 ಹೆಚ್ಚು. ಅದೇ ವರ್ಷ ಲೀಗ್‌ನಿಂದ ಕಾನ್ಫರೆನ್ಸ್‌ಗೆ ಇಳಿದ ಇಬ್ಬರಲ್ಲಿ ಒಬ್ಬರು ಆಕ್ಸ್‌ಫರ್ಡ್ ಯುನೈಟೆಡ್! 44 ವರ್ಷದ ಹಿಂದೆ ಯಾರ ಜಾಗಕ್ಕೆ ಬಂದಿದ್ದರೋ ಅವರಿಗೇ ಜಾಗ ಬಿಟ್ಟುಕೊಟ್ಟ ಹಾಗಾಯಿತು. ಲೇಖನದಲ್ಲಿ ಇದು ಇರಲೇಬೇಕು.

ಆ ವರ್ಷಗಳ ಮುಂಚೂಣಿ ಆಟಗಾರ ಪಾಲ್ ಮಲಿನ್. ರೆಕ್ಸ್‌ಹ್ಯಾಮ್‌ನಲ್ಲಿ ಹೆಸರು ಮಾಡಿದ ಪಾಲ್ ಮಲಿನ್ ಬೇರೆ, 1994ರಲ್ಲಿ ಹುಟ್ಟಿದವರು. ಲಿಂಕ್ ಹಾಕುವಾಗ ಇಬ್ಬರನ್ನೂ ಬೆರೆಸಬೇಡಿ.

ಒಂದು ಎಚ್ಚರಿಕೆ. ಪ್ರಶಸ್ತಿ ಗೆದ್ದ ಮಾತ್ರಕ್ಕೆ ಲೀಗ್ ಒಳಗೆ ಬಿಡುವುದಿಲ್ಲ, ಮೈದಾನದ ದರ್ಜೆಯೂ ಸರಿ ಇರಬೇಕು. ಕಿಡರ್‌ಮಿನ್‌ಸ್ಟರ್ 1994ರಲ್ಲಿ, ಮ್ಯಾಕಲ್ಸ್‌ಫೀಲ್ಡ್ 1995ರಲ್ಲಿ, ಸ್ಟೀವನೇಜ್ 1996ರಲ್ಲಿ ಕಾನ್ಫರೆನ್ಸ್ ಗೆದ್ದೂ ಮೈದಾನದ ಕಾರಣಕ್ಕೆ ಹೊರಗೇ ಉಳಿದವು. ಕ್ರೌನ್ ಗ್ರೌಂಡಿನ ಸಾಮರ್ಥ್ಯ ಈಗ ಐದು ಸಾವಿರದ ಮೇಲೆ ಒಂದಿಷ್ಟು. ಟರ್ನ್‌ಸ್ಟೈಲ್, ಮೇಲ್ಛಾವಣಿ ಇರುವ ಆಸನ, ಫ್ಲಡ್‌ಲೈಟಿನ ಬೆಳಕು, ಡ್ರೆಸಿಂಗ್ ರೂಮಿನ ಅಳತೆ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ, ಅದೂ ಸೀಸನ್ ಮುಗಿಯುವ ಮುಂಚೆಯೇ ಗಡುವು ಇಟ್ಟು. ಆದ್ದರಿಂದ ಮೇಲೇರುವ ಕ್ಲಬ್ ಮೊದಲು ಕಟ್ಟಡಕ್ಕೆ ಖರ್ಚು ಮಾಡಬೇಕು, ಆದಾಯ ಬರುವುದು ಆಮೇಲೆ.

ಗೇಟ್‌ಮನಿ

ಆ ಖರ್ಚಿಗೆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ನಾನು ಹೇಳುತ್ತೇನೆ. ಬ್ರೆಟ್ ಓರ್ಮರಾಡ್.

1997ರಲ್ಲಿ ಸ್ಟ್ಯಾನ್ಲಿ ಈ ಹುಡುಗನನ್ನು ಬ್ಲ್ಯಾಕ್‌ಪೂಲ್‌ಗೆ 50,000 ಪೌಂಡ್‌ಗೆ ಮಾರಿತು. ಒಪ್ಪಂದದಲ್ಲಿ ಒಂದು ಷರತ್ತು ಹಾಕಿಸಿಕೊಂಡಿತು: ಮುಂದೆ ಬ್ಲ್ಯಾಕ್‌ಪೂಲ್ ಮಾರಿದರೆ ಬಂದ ಹಣದಲ್ಲಿ ಕಾಲು ಭಾಗ ನಮಗೆ. 2001ರ ಡಿಸೆಂಬರ್‌ನಲ್ಲಿ ಸೌತಾಂಪ್ಟನ್ ಅವನನ್ನು 17.5 ಲಕ್ಷ ಪೌಂಡ್‌ಗೆ ಕೊಂಡಿತು. ಕಾಲು ಭಾಗ ಅಂದರೆ ನಾಲ್ಕು ಲಕ್ಷಕ್ಕೂ ಮೇಲೆ. ನಾರ್ದರ್ನ್ ಪ್ರೀಮಿಯರ್ ಲೀಗ್‌ನ ಕ್ಲಬ್‌ಗೆ ಅದು ಹಲವಾರು ವರ್ಷದ ಗೇಟ್ ಹಣ.

ಇಂಥ ಷರತ್ತಿನಲ್ಲಿ ನೋಡಬೇಕಾದದ್ದು ಮೂರಿದೆ. ಶೇಕಡಾವಾರು ಪೂರ್ತಿ ಮೊತ್ತದ ಮೇಲೋ, ಲಾಭದ ಮೇಲೋ? 50,000ಕ್ಕೆ ಕೊಟ್ಟ ಆಟಗಾರನ ವಿಷಯದಲ್ಲಿ ವ್ಯತ್ಯಾಸ ಸಣ್ಣದು, ಐದು ಲಕ್ಷಕ್ಕೆ ಕೊಟ್ಟವನಾದರೆ ದೊಡ್ಡದು. ಎರಡನೆಯದು, ಪಂದ್ಯಗಳ ಸಂಖ್ಯೆಗೆ, ಗೋಲಿಗೆ ಕಂತಾಗಿ ಬರುವ ಹಣಕ್ಕೂ ಷರತ್ತು ಅನ್ವಯಿಸುತ್ತದೋ? ಮೂರನೆಯದು, ಕೊಂಡ ಕ್ಲಬ್ ಮುಂದೆ ಬಂದು 'ಈಗಲೇ ಇಷ್ಟು ಕೊಡುತ್ತೇವೆ, ಷರತ್ತು ತೆಗೆಯಿರಿ' ಅಂದರೆ ಏನು ಮಾಡುವುದು? ಕೈ ಬಿಗಿಯಾಗಿರುವ ಕ್ಲಬ್‌ಗಳು ಸೋತು ಒಪ್ಪಿಕೊಳ್ಳುವುದು ಇಲ್ಲೇ. ಸ್ಟ್ಯಾನ್ಲಿ ಷರತ್ತನ್ನು ಉಳಿಸಿಕೊಂಡಿತು.

ಆಫ್‌ಸೈಡ್_ಗೆರೆ

ಲೀಗ್‌ಗೆ ಬಂದ ಮೇಲೂ ಸುಖ ಇರಲಿಲ್ಲ. 2008ರ ಮೇ ತಿಂಗಳಲ್ಲಿ ಬ್ಯೂರಿ ಎದುರು ಸೀಸನ್ನಿನ ಕೊನೆಯ ಪಂದ್ಯದಲ್ಲಿ ಬ್ಯೂರಿ ಗೆಲ್ಲುತ್ತದೆ ಅಂತ ಬಾಜಿ ಕಟ್ಟಿದ್ದಕ್ಕೆ ನಾಲ್ವರು ಅಕ್ರಿಂಗ್ಟನ್ ಆಟಗಾರರ ಮೇಲೆ 2009ರಲ್ಲಿ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆ) ನಿಷೇಧ ಹೇರಿತು. ಇದನ್ನು ಲೇಖನದಲ್ಲಿ ಮುಚ್ಚಿಡಬೇಡಿ, ಒಂದು ಸಾಲು ಸಾಕು.

ಅದೇ 2009ರಲ್ಲಿ ತೆರಿಗೆ ಬಾಕಿ. ಗೇಟ್‌ಮನಿ ಅವರೇ, ಅದನ್ನು ನೀವೇ ಬರೆಯಿರಿ.

ಗೇಟ್‌ಮನಿ

ಬಾಕಿ 3,08,000 ಪೌಂಡ್ ಆಸುಪಾಸು. ಕೇಳಿದವರು ಬ್ರಿಟನ್ನಿನ ತೆರಿಗೆ ಇಲಾಖೆ.

ಸಣ್ಣ ಕ್ಲಬ್‌ಗಳು ತೆರಿಗೆಯಲ್ಲೇ ಯಾಕೆ ಸಿಕ್ಕಿಬೀಳುತ್ತವೆ ಅಂದರೆ, ಆಟಗಾರರ ಸಂಬಳದಿಂದ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಕಡಿದು ಪ್ರತಿ ತಿಂಗಳು ಕಟ್ಟಬೇಕು. ನವೆಂಬರ್–ಫೆಬ್ರವರಿಯಲ್ಲಿ ಮೈದಾನ ಹೆಪ್ಪುಗಟ್ಟಿ ತವರು ಪಂದ್ಯಗಳು ಮುಂದೂಡಿದರೆ ಗೇಟ್ ಹಣ ನಿಲ್ಲುತ್ತದೆ, ಸಂಬಳ ನಿಲ್ಲುವುದಿಲ್ಲ. ಆಗ ಕಡಿದಿಟ್ಟ ತೆರಿಗೆ ಹಣವನ್ನೇ ಸಂಬಳಕ್ಕೆ ಬಳಸುತ್ತಾರೆ. ಎರಡು ತಿಂಗಳು ಹೀಗಾದರೆ ಬಡ್ಡಿ, ದಂಡ ಸೇರುತ್ತದೆ. ಮುಂದಿನ ಹೆಜ್ಜೆ ಕಂಪನಿ ಮುಚ್ಚಿಸಲು ಕೋರ್ಟಿಗೆ ಅರ್ಜಿ. ಆ ಅರ್ಜಿ ಗೆಜೆಟ್‌ನಲ್ಲಿ ಪ್ರಕಟವಾಯಿತು ಅಂದರೆ ಬ್ಯಾಂಕ್ ಖಾತೆ ಸ್ತಂಭಿಸುತ್ತದೆ. ಕೈಯಲ್ಲಿ ಇರುವ ಹಣವನ್ನೂ ಖರ್ಚು ಮಾಡುವ ಹಾಗಿಲ್ಲ. ನಿಜವಾದ ಅಪಾಯ ಆ ಘಟ್ಟದಲ್ಲಿದೆ, ಸಾಲದ ಮೊತ್ತದಲ್ಲಿ ಅಲ್ಲ.

ಊರಿನವರು 'ಸೇವ್ ಅವರ್ ಸ್ಟ್ಯಾನ್ಲಿ' ಅಭಿಯಾನ ನಡೆಸಿದರು, ಬಕೆಟ್ ಹಿಡಿದು ಹಣ ಎತ್ತಿದರು. ಕೊನೆಗೆ ಆ ಭಾಗದಲ್ಲೇ ಬೆಳೆದ ಉದ್ಯಮಿ ಇಲ್ಯಾಸ್ ಖಾನ್ ಉಳಿದ ಹಣ ಹಾಕಿ ಕ್ಲಬ್ಬನ್ನು ಕೈಗೆತ್ತಿಕೊಂಡರು. 1962ರಲ್ಲಿ ಹಣ ಬಂದಾಗ ಪತ್ರ ಹೋಗಿಯಾಗಿತ್ತು, ಈ ಸಲ ಕೋರ್ಟಿನ ಗಡುವಿನ ಒಳಗೇ ಬಂತು.

ಆರನೇ_ಹಂತ

ಕೋಲ್ಮನ್ 2012ರ ಜನವರಿಯಲ್ಲಿ ರಾಚ್‌ಡೇಲ್‌ಗೆ ಹೋದರು, 2014ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದರು. 2015ರಲ್ಲಿ ಆಂಡಿ ಹೋಲ್ಟ್ ಮಾಲೀಕರಾದರು. ಲೇಖನದ ಮೂರನೇ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು.

2015–16ರ ಕೊನೆಯ ದಿನ ನೋಡಿ. ಲೀಗ್ ಟೂನಿಂದ (ಅಂದರೆ ನಾಲ್ಕನೇ ಹಂತದಿಂದ) ಮೊದಲ ಮೂವರು ಲೀಗ್ ಒನ್‌ಗೆ (ಮೂರನೇ ಹಂತಕ್ಕೆ) ನೇರ ಬಡ್ತಿ ಪಡೆಯುತ್ತಾರೆ. ಸ್ಟ್ಯಾನ್ಲಿ ತವರಿನಲ್ಲಿ ಸ್ಟೀವನೇಜ್ ಎದುರು 0–0. ಬ್ರಿಸ್ಟಲ್ ರೋವರ್ಸ್ ಹೆಚ್ಚುವರಿ ಸಮಯದಲ್ಲಿ, 92ನೇ ನಿಮಿಷಕ್ಕೆ, ಡ್ಯಾಗೆನ್‌ಹ್ಯಾಮ್ ಎದುರು ಗೋಲು ಹೊಡೆದು ಗೆದ್ದಿತು. ಇಬ್ಬರಿಗೂ 85 ಅಂಕ, ಗೋಲ್ ವ್ಯತ್ಯಾಸದಲ್ಲಿ ರೋವರ್ಸ್ ಮೇಲೆ. ಎರಡನೇ ಸ್ಥಾನದಲ್ಲಿ 86 ಅಂಕದೊಂದಿಗೆ ಇದ್ದದ್ದು ಮತ್ತೆ ಆಕ್ಸ್‌ಫರ್ಡ್! ಆ ದಿನ ಸ್ಟ್ಯಾನ್ಲಿ ಒಂದು ಗೋಲು ಹೊಡೆದಿದ್ದರೆ 87 ಆಗಿ ಆಕ್ಸ್‌ಫರ್ಡನ್ನೂ ದಾಟುತ್ತಿತ್ತು. ಆಮೇಲೆ ಪ್ಲೇಆಫ್ (ಉಳಿದ ಒಂದು ಬಡ್ತಿ ಸ್ಥಾನಕ್ಕೆ ನಡೆಯುವ ಪಂದ್ಯಗಳು) ಸೆಮಿಫೈನಲ್‌ನಲ್ಲಿ ಎಎಫ್‌ಸಿ ವಿಂಬಲ್ಡನ್ ಎದುರು ಎರಡು ಪಂದ್ಯ ಸೇರಿ 3–2 ಸೋಲು, ಅದೂ ಹೆಚ್ಚುವರಿ ಅವಧಿಯಲ್ಲಿ.

ಎರಡು ವರ್ಷಕ್ಕೆ, 2017–18ರಲ್ಲಿ, 93 ಅಂಕದೊಂದಿಗೆ ಚಾಂಪಿಯನ್. ಎರಡನೇ ಸ್ಥಾನದ ಲೂಟನ್‌ಗೆ 88. ಬಿಲ್ಲಿ ಕೀ ಆ ಸೀಸನ್ನಿನ ಲೀಗ್‌ನಲ್ಲಿ 25 ಗೋಲು ಹೊಡೆದರು. ಹೊಸ ಸ್ಟ್ಯಾನ್ಲಿ ಮೊಟ್ಟಮೊದಲು ಮೂರನೇ ಹಂತ ಕಂಡಿತು. 2020–21ರಲ್ಲಿ ಅಲ್ಲಿ 11ನೇ ಸ್ಥಾನ, ಈವರೆಗಿನ ಗರಿಷ್ಠ. 2023ರಲ್ಲಿ 23ನೇ ಸ್ಥಾನದೊಂದಿಗೆ ಇಳಿದರು. 2024ರ ಮಾರ್ಚ್‌ನಲ್ಲಿ ಕೋಲ್ಮನ್ ಅವರನ್ನು ತೆಗೆದು ತಂಡವನ್ನು ಜಾನ್ ಡೂಲನ್ ಅವರಿಗೆ ವಹಿಸಿದರು. 2024–25ರಲ್ಲಿ ಲೀಗ್ ಟೂ 21ನೇ ಸ್ಥಾನ, ಬಚಾವ್. ಆ ವರ್ಷ ಕೆಳಗೆ ಹೋದವರು ಕಾರ್ಲೈಲ್ ಮತ್ತು ಮೋರ್‌ಕಂಬ್.

ಪೆನಾಲ್ಟಿ_ಚುಕ್ಕೆ

ಎರಡು–ಮೂರು ಸಾವಿರ ಪ್ರೇಕ್ಷಕರನ್ನು ನಂಬಿ ಸಂಬಳ ಕೊಡಲು ಹೇಗೆ ಸಾಧ್ಯ? ಮಾಲೀಕರು ಪ್ರತಿ ವರ್ಷ ಸುರಿಯುತ್ತಾರಾ?

ಗೇಟ್‌ಮನಿ

ಸುರಿಯುವುದು ಇದ್ದೇ ಇದೆ, ಅದರ ಜೊತೆಗೆ ಆಟಗಾರರ ಮಾರಾಟ. ಕ್ರಮ ಸರಳ: ಲೀಗ್‌ನ ಹೊರಗೆ ಆಡುವವರನ್ನು, ದೊಡ್ಡ ಕ್ಲಬ್ ಕೈಬಿಟ್ಟವರನ್ನು ತರುವುದು, ಎರಡು–ಮೂರು ವರ್ಷದ ಕರಾರು, ಸತತ ಆಟ, ಕರಾರಿನಲ್ಲಿ ಒಂದು ವರ್ಷ ಉಳಿದಿರುವಾಗಲೇ ಮಾರಾಟ. ಡಿಯಾನ್ ಚಾರ್ಲ್ಸ್ ಸೌತ್‌ಪೋರ್ಟ್‌ನಿಂದ ಬಂದು 2022ರ ಜನವರಿಯಲ್ಲಿ ಬೋಲ್ಟನ್‌ಗೆ ಹೋದರು. ಕೋಲ್ಬಿ ಬಿಷಪ್ ಲೀಮಿಂಗ್ಟನ್‌ನಿಂದ ಬಂದು ಅದೇ ವರ್ಷ ಪೋರ್ಟ್ಸ್‌ಮತ್‌ಗೆ. ರಾಸ್ ಸೈಕ್ಸ್ ಬೆಲ್ಜಿಯಮ್ಮಿನ ಯೂನಿಯನ್ ಸೇಂಟ್ ಜಿಲ್ವಾಸ್‌ಗೆ. 2018ರಲ್ಲಿ ಪ್ರಶಸ್ತಿ ಗೆದ್ದ ಬೆನ್ನಿಗೆ ಕೇಡನ್ ಜಾಕ್ಸನ್ ಇಪ್ಸ್‌ವಿಚ್‌ಗೆ ಹೋದಾಗ ಹತ್ತು ಲಕ್ಷ ಪೌಂಡ್ ಮೀರಿದ ಮೊತ್ತ ಪತ್ರಿಕೆಗಳಲ್ಲಿ ಬಂತು.

ಕರಾರಿನ ಕೊನೆಯ ಆರು ತಿಂಗಳು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2016ರ ಉದಾಹರಣೆ ಇದೆ. ಇಂಗ್ಲೆಂಡಿನ ಒಳಗೆ, 24 ವರ್ಷದೊಳಗಿನ ಆಟಗಾರನ ಕರಾರು ಮುಗಿದರೂ ಹಳೆಯ ಕ್ಲಬ್ ಹೊಸ ಕರಾರು ನೀಡಿದ್ದರೆ ಪರಿಹಾರ ಸಿಗುತ್ತದೆ, ಒಪ್ಪಂದ ಆಗದಿದ್ದರೆ ನ್ಯಾಯಮಂಡಳಿ ಮೊತ್ತ ನಿಗದಿ ಮಾಡುತ್ತದೆ. ಸ್ಕಾಟ್ಲೆಂಡ್ ಬೇರೆ ಸಂಸ್ಥೆಯ ಅಡಿಯಲ್ಲಿದೆ, ಆ ವ್ಯವಸ್ಥೆ ಅಲ್ಲಿಗೆ ಅನ್ವಯಿಸುವುದಿಲ್ಲ, ಜೊತೆಗೆ ಜನವರಿಯಲ್ಲೇ ಮುಂಗಡ ಕರಾರು ಮಾಡಬಹುದು. ರೇಂಜರ್ಸ್ ಹಾಗೆಯೇ ಜೋಶ್ ವಿಂಡಾಸ್, ಮ್ಯಾಟ್ ಕ್ರೂಕ್ಸ್ ಇಬ್ಬರ ಜೊತೆಗೂ 2016ರ ಜನವರಿಯಲ್ಲಿ ಮುಂಗಡ ಕರಾರು ಮಾಡಿಕೊಂಡಿತು. ಬಡ್ತಿಗೆ ಹೋರಾಡುತ್ತಿದ್ದ ತಂಡದ ಇಬ್ಬರು ಮುಖ್ಯ ಆಟಗಾರರು, ಮಾರುಕಟ್ಟೆ ಬೆಲೆ ಕೈಗೆ ಬರಲಿಲ್ಲ.

ಸಂಬಳದ ಮಿತಿ ಬಗ್ಗೆಯೂ ಬರೆಯಿರಿ. 2020ರ ಆಗಸ್ಟ್‌ನಲ್ಲಿ ಲೀಗ್ ಒನ್‌ಗೆ 25 ಲಕ್ಷ, ಲೀಗ್ ಟೂಗೆ 15 ಲಕ್ಷ ಪೌಂಡ್ ಗಟ್ಟಿ ಮಿತಿಗೆ ಕ್ಲಬ್‌ಗಳು ಮತ ಹಾಕಿದವು. ಆಟಗಾರರ ಸಂಘ ಪ್ರಶ್ನಿಸಿತು, 2021ರ ಫೆಬ್ರವರಿಯಲ್ಲಿ ಮಿತಿ ಬಿದ್ದುಹೋಯಿತು. ಸ್ಟ್ಯಾನ್ಲಿಯಂಥವರಿಗೆ ಅದು ನಷ್ಟವೇ. ಅದಿದ್ದಿದ್ದರೆ ದೊಡ್ಡ ಊರಿನ ಕ್ಲಬ್‌ಗಳು ಇವರಷ್ಟೇ ಖರ್ಚು ಮಾಡಬೇಕಾಗಿತ್ತು.

ಆಫ್‌ಸೈಡ್_ಗೆರೆ

ಹಾಲಿನ ಜಾಹೀರಾತನ್ನು ಯಾರೂ ಎತ್ತಲಿಲ್ಲ! ಬ್ರಿಟನ್ನಿನಲ್ಲಿ ಈ ಕ್ಲಬ್ ಹೆಸರು ಮನೆಮಾತಾದದ್ದು ಎಂಬತ್ತರ ದಶಕದ ಕೊನೆಯ ಆ ಟಿವಿ ಜಾಹೀರಾತಿನಿಂದ. ಲಿವರ್‌ಪೂಲ್ ಜರ್ಸಿಯ ಇಬ್ಬರು ಹುಡುಗರು, ಹಾಲು ಕುಡಿಯದಿದ್ದರೆ ಅಕ್ರಿಂಗ್ಟನ್ ಸ್ಟ್ಯಾನ್ಲಿಗೆ ಆಡುವಷ್ಟಕ್ಕೇ ಲಾಯಕ್ಕು ಅಂತ ಲಿವರ್‌ಪೂಲ್‌ನ ಗೋಲುಗಾರ ಇಯಾನ್ ರಷ್ ಹೇಳಿದ್ದನ್ನು ಮಾತಾಡಿಕೊಳ್ಳುತ್ತಾರೆ. ಅದು ಪ್ರಸಾರವಾದಾಗ ಕ್ಲಬ್ ನಾರ್ದರ್ನ್ ಪ್ರೀಮಿಯರ್ ಲೀಗ್‌ನ ಕೆಳ ಡಿವಿಷನ್ನಿನಲ್ಲಿತ್ತು. 2025ರ ಜನವರಿ 11ರಂದು ಎಫ್‌ಎ ಕಪ್ ಮೂರನೇ ಸುತ್ತಿನಲ್ಲಿ ಆನ್‌ಫೀಲ್ಡ್‌ನಲ್ಲೇ ಲಿವರ್‌ಪೂಲ್ ಎದುರು ಆಡಿದರು. 4–0 ಸೋತರು. ಕಪ್‌ನಲ್ಲಿ ಇವರ ಅತಿ ದೂರದ ಓಟ ನಾಲ್ಕನೇ ಸುತ್ತು: 2010ರಲ್ಲಿ ಫುಲ್‌ಹ್ಯಾಮ್, 2017ರಲ್ಲಿ ಮಿಡಲ್ಸ್‌ಬರೋ, 2019ರಲ್ಲಿ ಡರ್ಬಿ, 2023ರಲ್ಲಿ ಲೀಡ್ಸ್ ತಡೆದವು.

ಪೆನಾಲ್ಟಿ_ಚುಕ್ಕೆ

ಮ್ಯಾಂಚೆಸ್ಟರ್ ಸುತ್ತ ಇರುವ ಕನ್ನಡದವರು ಒಂದು ಪಂದ್ಯ ನೋಡಲು ಹೋಗಬೇಕಾದರೆ? ಇಲ್ಲಿ ಕೂತು ನೋಡುವವರಿಗೆ?

ಆರನೇ_ಹಂತ

ಮ್ಯಾಂಚೆಸ್ಟರ್ ವಿಕ್ಟೋರಿಯಾ ನಿಲ್ದಾಣದಿಂದ ಬ್ಲ್ಯಾಕ್‌ಬರ್ನ್ ಕಡೆಗೆ, ಬರ್ನ್‌ಲಿ ಮೂಲಕ ಹೋಗುವ ರೈಲು ಹತ್ತಿ, ಅಕ್ರಿಂಗ್ಟನ್‌ನಲ್ಲಿ ಇಳಿಯಿರಿ. ಟಾಡ್‌ಮೋರ್ಡನ್ ಹತ್ತಿರದ ತಿರುವು ಹಳಿ 2015ರಲ್ಲಿ ಮತ್ತೆ ತೆರೆದ ಮೇಲೆ ಇದು ನೇರ ರೈಲು. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ ಅಂತ ಬೋಲ್ಟನ್ ಮಾರ್ಗದ ರೈಲು ಹತ್ತಿದರೆ ಬ್ಲ್ಯಾಕ್‌ಬರ್ನ್‌ನಲ್ಲಿ ಬದಲಿಸಬೇಕು. ನಿಲ್ದಾಣದಿಂದ ವಾಲಿ ರೋಡ್ ಹಿಡಿದು ಉತ್ತರಕ್ಕೆ ನಡೆದರೆ ಇಪ್ಪತ್ತು–ಇಪ್ಪತ್ತೈದು ನಿಮಿಷ, ಏರು ದಾರಿ. ಬಸ್ಸೂ ಅದೇ ರಸ್ತೆಯಲ್ಲಿ. ಲಿವಿಂಗ್‌ಸ್ಟನ್ ರೋಡ್ ತಿರುವಿನಲ್ಲಿ ಮೈದಾನ. ಪ್ರಾಯೋಜಕರ ಹೆಸರಲ್ಲಿ ವ್ಯಾಮ್ ಸ್ಟೇಡಿಯಂ ಅಂತ ಬರೆದಿರುತ್ತಾರೆ, ಊರಿನವರಿಗೆ ಅದು ಕ್ರೌನ್ ಗ್ರೌಂಡೇ. ಎದುರಾಳಿ ಬೆಂಬಲಿಗರ ನಿಲ್ಲುವ ಟೆರೇಸ್‌ಗೆ ಚಾವಣಿ ಇಲ್ಲ, ಬೆಟ್ಟದ ಕಡೆಯಿಂದ ಮಳೆ ನೇರ ಬೀಳುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನೀರು ಇಳಿಯದ ಜಾಕೆಟ್ ಬೇಕೇ ಬೇಕು. ಹಿಮ, ಮಳೆ ಜೋರಿದ್ದರೆ ಹೊರಡುವ ಮುಂಚೆ ಕ್ಲಬ್ಬಿನ ಪ್ರಕಟಣೆ ನೋಡಿ, ಮೈದಾನ ತಪಾಸಣೆಯ ಫಲಿತಾಂಶ ಬೆಳಿಗ್ಗೆಯೇ ಬರುತ್ತದೆ.

ಇಲ್ಲಿಂದ ನೋಡುವವರಿಗೆ: ಶನಿವಾರ ಅಲ್ಲಿನ ಮಧ್ಯಾಹ್ನ 3 ಗಂಟೆ ಅಂದರೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ನಮ್ಮ ಸಂಜೆ 7:30, ಉಳಿದ ತಿಂಗಳು ರಾತ್ರಿ 8:30. ಶನಿವಾರ 2:45ರಿಂದ 5:15ರವರೆಗೆ ನೇರ ಪ್ರಸಾರ ಮಾಡಬಾರದು ಅನ್ನುವ ನಿರ್ಬಂಧ ಬ್ರಿಟನ್ನಿನ ಒಳಗೆ ಮಾತ್ರ. ಹೊರದೇಶದವರಿಗೆ ಸ್ಟ್ರೀಮಿಂಗ್ ಪಾಸ್ ಮಾರುತ್ತಾರೆ. ವಿಪಿಎನ್ ಹಾಕಿಕೊಂಡು ಬ್ರಿಟನ್ ವಿಳಾಸದಿಂದ ತೆರೆದರೆ ಅದೇ ಪಂದ್ಯ ತಡೆಯಲ್ಪಡುತ್ತದೆ, ವಿಪಿಎನ್ ಆಫ್ ಮಾಡಿಯೇ ತೆರೆಯಿರಿ.

ಮಲ್ನಾಡ್_ಮಿಡ್‌ಫೀಲ್ಡ್

ಎಲ್ಲ ಸೇರಿಸಿಕೊಂಡೆ. ಕೊನೆಯ ಒಂದು ವಿಷಯ: ಬದಿಯ ಮಾಹಿತಿ ಚೌಕದಲ್ಲಿ ಸ್ಥಾಪನೆ 1891 ಹಾಕುವುದೋ, 1968 ಹಾಕುವುದೋ? ದಾಖಲೆಗಳನ್ನು ಹೇಗೆ ವಿಂಗಡಿಸುವುದು?

ಹಳೇ_ಅಂಕಪಟ್ಟಿ

1968 ಹಾಕಿ. 1891 ಅನ್ನು ಇತಿಹಾಸದ ಭಾಗದಲ್ಲಿ ಹೇಳಿ. ಪ್ರಶಸ್ತಿಗಳ ಪಟ್ಟಿ ಎರಡು ಮಾಡಿ: 1921–62ರ ಸ್ಟ್ಯಾನ್ಲಿಗೆ ಥರ್ಡ್ ಡಿವಿಷನ್ ನಾರ್ತ್ ಎರಡನೇ ಸ್ಥಾನ ಎರಡು ಸಲ, 1968ರ ಸ್ಟ್ಯಾನ್ಲಿಗೆ 2000, 2003, 2006, 2018ರ ಚಾಂಪಿಯನ್‌ಷಿಪ್‌ಗಳು. 1888–93ರ ಅಕ್ರಿಂಗ್ಟನ್ ಎಫ್‌ಸಿಗೆ ಬೇರೆಯೇ ಪುಟ ಬೇಕು, ಎರಡೂ ಪುಟಗಳ ತಲೆಯಲ್ಲಿ 'ಇದನ್ನೂ ನೋಡಿ' ಕೊಂಡಿ ಇರಲಿ. 1961–62ರ ಅಳಿಸಿದ 33 ಪಂದ್ಯಗಳನ್ನು ಒಟ್ಟು ಮೊತ್ತಕ್ಕೆ ಸೇರಿಸಬೇಡಿ. ಪಟ್ಟಿಯ ಕೆಳಗೆ ನಕ್ಷತ್ರ ಗುರುತು ಹಾಕಿ ಪ್ರತ್ಯೇಕ ಸಾಲಿನಲ್ಲಿ ಕೊಡಿ. ಆಡಿದವರ ಹೆಸರು ಆ ಸಾಲಿನಲ್ಲಿ ಬರಲಿ, ಅವರು ಆಡಿದ್ದಂತೂ ನಿಜ.